ಎಲ್ಲ ಚಮಚವೂ 15 ಗ್ರಾಂ ಅಲ್ಲ

ನಮಸ್ಕಾರ. ಅಡುಗೆ ವಿಡಿಯೋ ಮಾಡುವವರ ಹತ್ತಿರ ಇವತ್ತು ನನ್ನದೊಂದು ತಕರಾರಿದೆ. "ತಕ್ಕಡಿ ಇಲ್ವಾ? ಚಿಂತೆ ಬೇಡ, ಒಂದು ಟೇಬಲ್ ಚಮಚ ಅಂದರೆ 15 ಗ್ರಾಂ" ಅಂತ ಹೇಳಿ ಮುಂದೆ ಹೋಗಿಬಿಡುತ್ತೀರಿ. ದಯವಿಟ್ಟು ಹಾಗೆ ಹೇಳಬೇಡಿ. ಆ ಲೆಕ್ಕ ನೀರಿಗೆ ಸರಿ. ಉಪ್ಪಿಗೆ, ಹಿಟ್ಟಿಗೆ, ಜೇನುತುಪ್ಪಕ್ಕೆ ಸರಿಯಲ್ಲ.

ಟೇಬಲ್ ಚಮಚದಲ್ಲಿ ಹಿಡಿಯುವುದು 15 ಮಿಲಿ. ಅಷ್ಟು ಜಾಗದಲ್ಲಿ ಮೈದಾ ಹಾಕಿ ಮಟ್ಟ ಮಾಡಿದರೆ ಸುಮಾರು 8 ಗ್ರಾಂ ಬರುತ್ತದೆ. ಸಕ್ಕರೆ 12-13 ಗ್ರಾಂ. ಎಣ್ಣೆ 14ರ ಆಸುಪಾಸು. ಪುಡಿ ಉಪ್ಪು 18. ಜೇನುತುಪ್ಪ 21. ಚಮಚ ಅದೇ, ಆದರೆ ಮೈದಾಕ್ಕೂ ಜೇನಿಗೂ ಎರಡೂವರೆ ಪಟ್ಟು ವ್ಯತ್ಯಾಸ!

ಪಾಯಸದಲ್ಲಿ ಸಕ್ಕರೆ ಸ್ವಲ್ಪ ಹೆಚ್ಚು ಕಡಿಮೆಯಾದರೆ ನಡೆಯುತ್ತದೆ. ಉಪ್ಪಿನಕಾಯಿಯಲ್ಲಿ ನಡೆಯುವುದಿಲ್ಲ. ಒಂದು ಕಿಲೋ ಮಾವಿನಕಾಯಿ ಹೋಳುಗಳಿಗೆ 200 ಗ್ರಾಂ ಉಪ್ಪು ಅಂತ ಅಳತೆ ಇದೆ ಅಂದುಕೊಳ್ಳಿ. ಚಮಚಕ್ಕೆ 15 ಗ್ರಾಂ ಅಂತ ನಂಬಿದವರು 13 ಚಮಚ ಪುಡಿ ಉಪ್ಪು ಸುರಿಯುತ್ತಾರೆ. ಬಿದ್ದದ್ದು 234 ಗ್ರಾಂ. ಬೇಕಿದ್ದದ್ದು ಬರೀ 11 ಚಮಚ. ಇನ್ನು ಕಲ್ಲುಪ್ಪು ಹಾಕುವವರ ಕಷ್ಟ ಇದರ ಉಲ್ಟಾ. ಹರಳುಗಳ ನಡುವೆ ಸಂದು ಇರುವುದರಿಂದ ಚಮಚ ತುಂಬಿದಂತೆ ಕಂಡರೂ ತೂಕ ಕಡಿಮೆ ಇರುತ್ತದೆ. ಅದೇ 11 ಚಮಚ ಹಾಕಿದರೆ ಉಪ್ಪು ಸಾಲದು. ಉಪ್ಪಿನಕಾಯಿಗೆ ಉಪ್ಪು ಹಾಕುವುದು ಬರೀ ರುಚಿಗಲ್ಲ, ಕೆಡದೆ ಇರಲಿ ಅಂತ. ಸಾಲದಿದ್ದರೆ ಜಾಡಿಯಲ್ಲಿ ಬೂಷ್ಟು ಬರುತ್ತದೆ, ವರ್ಷದ ಉಪ್ಪಿನಕಾಯಿ ಚೆಲ್ಲಬೇಕಾಗುತ್ತದೆ. ಕಲ್ಲುಪ್ಪನ್ನು ಹುರಿದು, ಪುಡಿ ಮಾಡಿ, ಆಮೇಲೆ ಅಳೆಯುವ ಹಳೆಯ ಪದ್ಧತಿ ಇದೆಯಲ್ಲ, ಅದನ್ನು ಬಿಡಬೇಡಿ. ತೂಕ ಮಾಡಿದರೆ ಇನ್ನೂ ಒಳ್ಳೆಯದು.

ಚಮಚ ಅಂದರೆ ಯಾವ ಚಮಚ ಅನ್ನುವುದೂ ಮುಖ್ಯ. ಊಟದ ಚಮಚ ಬೇರೆ, ಅಳತೆಯ ಚಮಚ ಬೇರೆ. ಆಸ್ಟ್ರೇಲಿಯಾದಲ್ಲಿ ಇರುವ ನಮ್ಮವರು ಅಲ್ಲೇ ಅಳತೆ ಚಮಚ ಕೊಂಡಿದ್ದರೆ ಅದರ ಹಿಡಿಕೆಯ ಮೇಲೆ ಬರೆದ ಅಳತೆಯನ್ನು ಒಮ್ಮೆ ನೋಡಿ. ಅಲ್ಲಿಯ ಟೇಬಲ್ ಚಮಚ 20 ಮಿಲಿ. ಟೀ ಚಮಚ ಮಾತ್ರ ನಮ್ಮ ಹಾಗೆಯೇ 5 ಮಿಲಿ.

ಹಾಗಂತ ಎಲ್ಲವನ್ನೂ ತೂಗಿ ಅಂತ ನಾನು ಹೇಳುತ್ತಿಲ್ಲ. ಅಡುಗೆ ಸೋಡಾ ಕಾಲು ಟೀ ಚಮಚ ಅಂದರೆ ಒಂದು ಗ್ರಾಂಗಿಂತ ಸ್ವಲ್ಪವೇ ಜಾಸ್ತಿ. ಒಂದೊಂದೇ ಗ್ರಾಂ ತೋರಿಸುವ ಮನೆಯ ತಕ್ಕಡಿಗೆ ಅದು ಸರಿಯಾಗಿ ಸಿಗುವುದಿಲ್ಲ. ಸೋಡಾ, ಯೀಸ್ಟ್, ಇಂಗು ಇಂಥವಕ್ಕೆ ನಾನು ಚಮಚದ ಪರ.

ನನಗೆ ನಿಜವಾಗಿ ಚಿಂತೆ ಇರುವುದು ಬಿಪಿ ಇರುವವರ ಮನೆಯ ಅಡುಗೆ ಬಗ್ಗೆ. ದೊಡ್ಡವರಿಗೆ ದಿನಕ್ಕೆ ಉಪ್ಪು 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಟ್ಟ ಮಾಡಿದ ಒಂದು ಟೀ ಚಮಚ ಪುಡಿ ಉಪ್ಪೇ ಸುಮಾರು 6 ಗ್ರಾಂ. ಅಂದರೆ ಒಂದು ಚಮಚವೂ ತುಂಬುವ ಹಾಗಿಲ್ಲ. ಸಾರು, ಪಲ್ಯ, ಮಜ್ಜಿಗೆ, ಹಪ್ಪಳ, ಉಪ್ಪಿನಕಾಯಿ ಎಲ್ಲದರ ಉಪ್ಪೂ ಅದರೊಳಗೇ ಬರಬೇಕು. ಗೋಪುರದ ಹಾಗೆ ತುಂಬಿದ ಚಮಚ ತೋರಿಸಿ "ಒಂದು ಚಮಚ ಉಪ್ಪು" ಅಂದರೆ, ಅದನ್ನು ನೋಡಿ ಅಮ್ಮನಿಗೆ ಅಡುಗೆ ಮಾಡುವ ಮಗಳು ಏನು ಮಾಡಬೇಕು ಹೇಳಿ?

ನಾನು ಕೇಳುವುದು ದೊಡ್ಡದೇನಲ್ಲ. ವಿಡಿಯೋದಲ್ಲಿ ಚಮಚದ ತಲೆಯನ್ನು ಚಾಕುವಿನಿಂದ ಒಮ್ಮೆ ಸವರಿ ತೋರಿಸಿ. ಪುಡಿ ಉಪ್ಪೋ ಕಲ್ಲುಪ್ಪೋ ಹೇಳಿ. ಗ್ರಾಂ ಎಷ್ಟು ಅಂತ ಪರದೆ ಮೇಲೆ ಬರೆಯಿರಿ. ಹತ್ತು ಸೆಕೆಂಡಿನ ಕೆಲಸ ಅಷ್ಟೇ, ಅಲ್ವಾ?