ದನಿ ಒಬ್ಬರದು, ಚೆಕ್ಕು ಇನ್ನೊಬ್ಬರದು

ಕೇಳುಗರಿಗೆ ನಮಸ್ಕಾರ.

1974ರ ಸುಮಾರು. ನ್ಯೂಯಾರ್ಕಿನ ಒಂದು ರೆಕಾರ್ಡ್ ಕಂಪನಿಗೆ ಹೊಸ ಹುಡುಗನೊಬ್ಬ ಕೆಲಸಕ್ಕೆ ಸೇರಿದ. ಊರು ಪನಾಮಾ. ವಯಸ್ಸು 26ರ ಆಸುಪಾಸು. ಓದಿದ್ದು ಕಾನೂನು, ಮಾಡಿದ್ದು ಟಪಾಲು ವಿಭಾಗದ ಕೆಲಸ. ಬಂದ ಕಾಗದ ವಿಂಗಡಿಸಬೇಕು, ಹೋಗುವ ಕಟ್ಟುಗಳಿಗೆ ವಿಳಾಸ ಅಂಟಿಸಬೇಕು. ಆ ಹುಡುಗ ರೂಬೆನ್ ಬ್ಲೇಡ್ಸ್. ಕಂಪನಿ ಫಾನಿಯಾ. ನಾಲ್ಕು ವರ್ಷ ಆಗುವಷ್ಟರಲ್ಲಿ ಅದೇ ಕಂಪನಿ ಅವರ ರೆಕಾರ್ಡನ್ನೇ ಕಟ್ಟುಕಟ್ಟಾಗಿ ಊರೂರಿಗೆ ಕಳಿಸುತ್ತಿತ್ತು.

ಈ ಕತೆ ಕೇಳಿದರೆ ಖುಷಿಯಾಗುತ್ತದೆ, ಅಲ್ವಾ? ಸಿನಿಮಾದ ಹಾಗಿದೆ. ಆದರೆ ಸಾಲ್ಸಾ ಸಂಗೀತಗಾರರ ಬದುಕು ಎಲ್ಲರಿಗೂ ಹೀಗೆ ತಿರುಗಲಿಲ್ಲ. ಚೆನ್ನಾಗಿ ಹಾಡಿದವರೇ ಚೆನ್ನಾಗಿ ಬದುಕಿದರು ಅಂತಲೂ ಇಲ್ಲ.

ನಮ್ಮ ಬೆಂಗಳೂರಿನಲ್ಲಿ ಈಗ ಸಾಲ್ಸಾ ಅಂದರೆ ಡ್ಯಾನ್ಸ್ ಕ್ಲಾಸು. ನನ್ನ ಅಕ್ಕನ ಮಗಳೂ ವಾರಕ್ಕೆರಡು ದಿನ ಹೋಗುತ್ತಾಳೆ. ಒಂದು ಎರಡು ಮೂರು, ಐದು ಆರು ಏಳು ಅಂತ ಮನೆಯ ಹಾಲ್‌ನಲ್ಲೂ ಎಣಿಸುತ್ತಾ ಹೆಜ್ಜೆ ಹಾಕುತ್ತಾಳೆ. ಆ ಹಾಡು ಯಾರದು ಅಂತ ಒಮ್ಮೆ ಕೇಳಿದೆ. "ಮಾಮಾ, ಅದು ಸಾಲ್ಸಾ ಪ್ಲೇಲಿಸ್ಟು" ಅಂದಳು. ಸರಿ, ಆ ಪ್ಲೇಲಿಸ್ಟಿನ ಹಿಂದಿನ ಮನುಷ್ಯರ ಬಗ್ಗೆ ಇವತ್ತು ಒಂದಿಷ್ಟು ಮಾತಾಡೋಣ ಅಂತ ಬಂದಿದ್ದೇನೆ.

ಸಾಲ್ಸಾ ಅಂದರೆ ಸ್ಪ್ಯಾನಿಷ್‌ನಲ್ಲಿ ಸಾಸು, ನಮ್ಮ ಗೊಜ್ಜು ಇದ್ದ ಹಾಗೆ. ಸಂಗೀತಕ್ಕೆ ಈ ಹೆಸರು ಗಟ್ಟಿಯಾಗಿ ಅಂಟಿದ್ದು 1970ರ ದಶಕದಲ್ಲಿ. ಬೇರು ಕ್ಯೂಬಾದ್ದು. ಬೆಳೆದದ್ದು ನ್ಯೂಯಾರ್ಕಿನಲ್ಲಿ, ಪೋರ್ಟೊ ರಿಕೊದಿಂದ ಬಂದವರ ಬೀದಿಗಳಲ್ಲಿ. ಟೀಟೊ ಪುವೆಂತೆ ಅವರಂಥ ಹಿರಿಯರಿಗೆ ಈ ಹೆಸರು ಕೇಳಿದರೆ ಕಿರಿಕಿರಿ. ಸಾಲ್ಸಾ ಅಡುಗೆಮನೆಯಲ್ಲಿರುತ್ತದೆ, ನಾನು ನುಡಿಸುವುದು ಕ್ಯೂಬಾದ ಸಂಗೀತ ಅನ್ನುತ್ತಿದ್ದರು. ಆದರೆ ಮಾರುವವರಿಗೆ ಒಂದು ಹೆಸರು ಬೇಕಿತ್ತು.

ಮಾರಿದವರು ಫಾನಿಯಾದವರು. 1964ರಲ್ಲಿ ಇಬ್ಬರು ಸೇರಿ ಶುರು ಮಾಡಿದ ಕಂಪನಿ ಅದು. ಒಬ್ಬರು ಜಾನಿ ಪಚೇಕೊ, ಡೊಮಿನಿಕನ್ ಗಣರಾಜ್ಯದಲ್ಲಿ ಹುಟ್ಟಿದ ಕೊಳಲು ವಾದಕ. ಇನ್ನೊಬ್ಬರು ಜೆರ್‍ರಿ ಮಸೂಚಿ, ಮೊದಲು ಪೊಲೀಸ್, ಆಮೇಲೆ ವಕೀಲ. ಆರಂಭದಲ್ಲಿ ರೆಕಾರ್ಡುಗಳನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಅಂಗಡಿ ಅಂಗಡಿಗೆ ಹೋಗಿ ಮಾರುತ್ತಿದ್ದರು. ಒಬ್ಬ ಸಂಗೀತಗಾರ, ಒಬ್ಬ ವಕೀಲ. ಈ ಜೋಡಿ ನೆನಪಿರಲಿ. ಮುಂದೆ ನಡೆದದ್ದೆಲ್ಲ ಈ ಎರಡು ಕಸುಬುಗಳ ನಡುವಿನ ಜಗ್ಗಾಟವೇ.

ಮೊದಲು ಒಂದು ತಂಡ ಹೇಗೆ ದುಡಿಯುತ್ತದೆ ನೋಡೋಣ. ಹತ್ತು ಹನ್ನೆರಡು ಜನ ಇರುತ್ತಾರೆ. ಪಿಯಾನೊ, ಬಾಸ್, ಕಾಂಗಾ, ಟಿಂಬಾಲೆಸ್, ಬೊಂಗೊ ಅನ್ನುವ ಚರ್ಮವಾದ್ಯಗಳು, ಊದುವ ಟ್ರಂಪೆಟ್ಟೋ ಟ್ರಾಂಬೋನೋ ಮೂರ್ನಾಲ್ಕು, ಹಾಡುವವರು, ಹಿಂದೆ ಪಲ್ಲವಿ ಹಿಡಿಯುವವರು. ಇವರನ್ನೆಲ್ಲ ಒಟ್ಟಿಗೆ ಕಟ್ಟಿಹಾಕುವುದು ಐದು ಪೆಟ್ಟಿನ ಒಂದು ಲಯ. ಅದಕ್ಕೆ ಕ್ಲಾವೆ ಅನ್ನುತ್ತಾರೆ. ಮೈಕಿನ ಪಕ್ಕ ಮೇಜಿನ ಮೇಲೆ ತಟ್ಟುತ್ತೇನೆ, ಕೇಳಿ. ಟಕ್... ಟಕ್... ಟಕ್. ಟಕ್ ಟಕ್. ಮೊದಲ ಮೂರು ಬಿಡಿಬಿಡಿ, ಕೊನೆಯ ಎರಡು ಜೋಡಿ. ಎಷ್ಟೋ ಸಲ ಇದನ್ನು ಯಾರೂ ಕೇಳುವ ಹಾಗೆ ನುಡಿಸುವುದೇ ಇಲ್ಲ. ಆದರೂ ಪಿಯಾನೊದವನಿಂದ ಹಿಡಿದು ಗಾಯಕನವರೆಗೆ ಎಲ್ಲರ ತಲೆಯಲ್ಲೂ ಅದು ಓಡುತ್ತಿರುತ್ತದೆ. ಅದಕ್ಕೆ ಅಡ್ಡ ಬಿದ್ದರೆ "ಕ್ಲಾವೆ ತಪ್ಪಿದ" ಅಂತ ಪಕ್ಕದವನು ಕಣ್ಣು ಕೆಂಪಗೆ ಮಾಡುತ್ತಾನೆ.

ಹಾಡಿನ ಮೊದಲ ಭಾಗದಲ್ಲಿ ಕತೆ ಇರುತ್ತದೆ. ಅದು ಮುಗಿದ ಮೇಲೆ ಮೊಂಟೂನೊ. ಹಿಂದಿನವರು ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಾರೆ, ಮುಂದಿನ ಗಾಯಕ ನಡುವೆ ಅಲ್ಲಲ್ಲೇ ಹೊಸ ಸಾಲು ಹೊಸೆದು ಉತ್ತರ ಕೊಡುತ್ತಾನೆ. ಆ ತಿರುವಿನಲ್ಲಿ ಬೊಂಗೊದವನನ್ನು ನೋಡಬೇಕು ನೀವು. ಅಲ್ಲಿಯವರೆಗೆ ಮೊಣಕಾಲಿನ ನಡುವೆ ಆ ಪುಟ್ಟ ಜೋಡಿ ಚರ್ಮವಾದ್ಯ ಇಟ್ಟುಕೊಂಡು ಬೆರಳಲ್ಲಿ ನುಡಿಸುತ್ತಿರುತ್ತಾನೆ. ಮೊಂಟೂನೊ ಬಂತೋ, ಅದನ್ನು ಬದಿಗಿಟ್ಟು, ಕಾಲ ಬಳಿ ಇಟ್ಟಿದ್ದ ದೊಡ್ಡ ಗಂಟೆಯನ್ನು ಎಡಗೈಗೆ ಎತ್ತಿಕೊಂಡು, ಬಲಗೈಯ ದಪ್ಪ ಕೋಲಿನಿಂದ ಬಡಿಯಲು ಶುರು ಮಾಡುತ್ತಾನೆ. ಈ ಬದಲಾವಣೆಗೆ ಸಿಗುವುದು ಒಂದೆರಡು ಕ್ಷಣ. ಗಂಟೆ ಬಿತ್ತು ಅಂದರೆ ಕೂತವರೂ ಎದ್ದರು ಅಂತ ಲೆಕ್ಕ.

ಈ ಹತ್ತು ಹನ್ನೆರಡು ಜನರಿಗೆ ತಿಂಗಳ ಸಂಬಳ ಅಂತ ಏನೂ ಇರಲಿಲ್ಲ. ಕಾರ್ಯಕ್ರಮ ಇದ್ದರೆ ದುಡ್ಡು. ಒಂದೇ ರಾತ್ರಿ ಎರಡು ಮೂರು ಕ್ಲಬ್ಬು ಸುತ್ತುವುದು ಮಾಮೂಲು. ನ್ಯೂಯಾರ್ಕಿನ ಸಣ್ಣಪುಟ್ಟ ಲ್ಯಾಟಿನ್ ಕ್ಲಬ್ಬುಗಳ ಈ ಸುತ್ತಾಟಕ್ಕೆ ಕುಚಿಫ್ರಿತೊ ಸರ್ಕೀಟು ಅಂತ ಅಡ್ಡಹೆಸರು. ಕುಚಿಫ್ರಿತೊ ಅಂದರೆ ಅಲ್ಲಿನ ಬೀದಿಬದಿಯ ಕರಿದ ತಿಂಡಿ. ನಮ್ಮಲ್ಲಾದರೆ ಬಜ್ಜಿಬೋಂಡಾ ಸರ್ಕೀಟು ಅನ್ನುತ್ತಿದ್ದೆವೋ ಏನೋ.

ಇನ್ನು ಎಕ್ತೊರ್ ಲಾವೋ. ಈ ಮನುಷ್ಯನ ಹತ್ತಿರ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಹುಟ್ಟಿದ್ದು 1946ರಲ್ಲಿ, ಪೋರ್ಟೊ ರಿಕೊದ ಪೊನ್ಸೆ ಊರಲ್ಲಿ. ಅಪ್ಪ ಗಿಟಾರ್ ನುಡಿಸುತ್ತಿದ್ದರು. ದೊಡ್ಡ ಮಗನನ್ನು ನ್ಯೂಯಾರ್ಕಿನಲ್ಲಿ ಮಾದಕ ವಸ್ತು ನುಂಗಿತ್ತು. ಹಾಗಾಗಿ ಈ ಮಗ ಅಲ್ಲಿಗೆ ಹೋಗುವುದು ಅಪ್ಪನಿಗೆ ಸುತಾರಾಂ ಇಷ್ಟವಿರಲಿಲ್ಲ. ಆದರೂ 1963ರಲ್ಲಿ, ಹದಿನಾರನೇ ವಯಸ್ಸಿಗೆ, ಮಗ ಹೊರಟೇ ಬಿಟ್ಟ. ನಿಜವಾದ ಮನೆತನದ ಹೆಸರು ಪೆರೆಸ್. ಲಾವೋ ಅನ್ನುವುದು "ಲಾ ವೋಸ್" ಅನ್ನುವುದರಿಂದ ಹುಟ್ಟಿದ್ದು, ಅಂದರೆ "ದನಿ".

ಪಚೇಕೊ ಅವರು ಇವನನ್ನು ನ್ಯೂಯಾರ್ಕಿನದೇ ಭಾಗವಾದ ಬ್ರಾಂಕ್ಸ್‌ನ ಇನ್ನೊಬ್ಬ ಹುಡುಗನ ಜೊತೆ ಸೇರಿಸಿದರು. ಆ ಹುಡುಗ ವಿಲಿ ಕೊಲೋನ್, ಟ್ರಾಂಬೋನ್ ವಾದಕ. 1967ರಲ್ಲಿ ಇಬ್ಬರ ಮೊದಲ ರೆಕಾರ್ಡು ಬಂದಾಗ ಕೊಲೋನ್‌ಗೆ ಹದಿನೇಳು ವರ್ಷ. ಆ ಟ್ರಾಂಬೋನುಗಳದು ಒರಟು ದನಿ, ಟ್ರಾಫಿಕ್ಕಿನಲ್ಲಿ ಲಾರಿ ಹಾರ್ನ್ ಹೊಡೆದ ಹಾಗೆ. ಅದರ ಮೇಲೆ ಲಾವೋ ಅವರ ತೆಳ್ಳಗಿನ, ಮೂಗಿನ ಕಡೆ ಸ್ವಲ್ಪ ವಾಲಿದ, ಒಂದಕ್ಷರವೂ ನುಂಗದ ಗಂಟಲು. ಏಳು ವರ್ಷ ಈ ಜೋಡಿ ನ್ಯೂಯಾರ್ಕನ್ನು ಕುಣಿಸಿತು. ಲಾವೋ ಕಾರ್ಯಕ್ರಮಕ್ಕೆ ತಡವಾಗಿ ಬರುವುದು, ಕೆಲವೊಮ್ಮೆ ಬಾರದೇ ಇರುವುದು ಎಷ್ಟು ಹೆಸರುವಾಸಿಯಾಯಿತೆಂದರೆ, ಜನ ಅವರಿಗೆ "ಸಮಯಪಾಲನೆಯ ರಾಜ" ಅಂತಲೇ ಬಿರುದು ಕೊಟ್ಟರು. ತಮಾಷೆಯ ಹಿಂದೆ ಚಟವಿತ್ತು. ಕೊನೆಗೆ 1974ರ ಹೊತ್ತಿಗೆ ಕೊಲೋನ್ ಅವರೇ ತಂಡ ನಡೆಸುವುದನ್ನು ಬಿಟ್ಟರು. ಲಾವೋ ತಮ್ಮದೇ ಹೆಸರಲ್ಲಿ ಹಾಡಬೇಕಾಯಿತು.

ಟಪಾಲು ವಿಭಾಗದ ಆ ವಕೀಲ ಹುಡುಗ ಈ ಕತೆಯೊಳಗೆ ಬರುವುದು ಇಲ್ಲಿ. ಬ್ಲೇಡ್ಸ್ ಒಂದು ಹಾಡು ಬರೆದಿಟ್ಟುಕೊಂಡಿದ್ದರು, ತಾವೇ ಹಾಡಬೇಕು ಅಂತ. ಒಬ್ಬ ಗಾಯಕನ ಹಾಡು ಅದು. ದುಡ್ಡು ಕೊಟ್ಟು ಕೇಳಲು ಬರುವವರು ಅವನ ನೋವು ಏನು ಅಂತ ಕೇಳುವುದಿಲ್ಲ ಅನ್ನುವ ಸಂಗತಿ. ಇದು ಲಾವೋಗೆ ಸಲ್ಲಬೇಕಾದ ಹಾಡು ಅಂತ ಕೊಲೋನ್ ಪಟ್ಟು ಹಿಡಿದರು. ಬ್ಲೇಡ್ಸ್ ಬಿಟ್ಟುಕೊಟ್ಟರು. 1978ರಲ್ಲಿ "ಎಲ್ ಕಾಂತಾಂತೆ", ಅಂದರೆ "ಗಾಯಕ", ಬಂತು. ಬರೆದವರು ಯಾರು ಅಂತ ಎಷ್ಟೋ ಜನ ಮರೆತೇಬಿಟ್ಟರು. ಲಾವೋ ತಮ್ಮ ಬದುಕನ್ನೇ ಹಾಡಿಕೊಂಡಿದ್ದಾರೆ ಅಂತ ನಂಬಿದರು. ಹಾಡು ಲಾವೋದಾಯಿತು. ಹಾಡಿನ ಹಕ್ಕು ಮಾತ್ರ ಬರೆದವನದು.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಎಳೆಯಲು ಮನಸ್ಸಿಲ್ಲ. 1987ರಲ್ಲಿ ಹದಿನೇಳು ವರ್ಷದ ಮಗ ಆಕಸ್ಮಿಕವಾಗಿ ಗುಂಡು ತಗುಲಿ ತೀರಿಕೊಂಡ. 1988ರಲ್ಲಿ ಲಾವೋ ಪೋರ್ಟೊ ರಿಕೊದ ಸಾನ್ ಹುವಾನ್‌ನ ಹೋಟೆಲೊಂದರ ಒಂಬತ್ತನೇ ಮಹಡಿಯಿಂದ ಕೆಳಗೆ ಬಿದ್ದರು. ಬದುಕಿದರು, ಆದರೆ ದೇಹ ಮುರಿದಿತ್ತು. 1993ರಲ್ಲಿ, 46ನೇ ವಯಸ್ಸಿಗೆ, ಏಡ್ಸ್‌ನಿಂದಾಗಿ ನ್ಯೂಯಾರ್ಕಿನಲ್ಲಿ ಕಣ್ಣು ಮುಚ್ಚಿದರು. ಬ್ರಾಂಕ್ಸ್‌ನಲ್ಲಿ ಮಣ್ಣಾದ ಅವರನ್ನು 2002ರಲ್ಲಿ ಪೊನ್ಸೆಗೆ ಕೊಂಡೊಯ್ದರು.

ಹಕ್ಕಿನ ಮಾತು ಬಂತಲ್ಲ. ಫಾನಿಯಾದ ಹಳೆಯ ರೆಕಾರ್ಡು ಸಿಕ್ಕರೆ ನಡುವಿನ ದುಂಡು ಚೀಟಿ ನೋಡಿ. ಹಾಡಿನ ಹೆಸರಿನ ಕೆಳಗೆ, ಬರೆದವರ ಹೆಸರಿರಬೇಕಾದ ಜಾಗದಲ್ಲಿ, ಎಷ್ಟೋ ಕಡೆ "ಡಿ. ಆರ್." ಅಂತ ಎರಡೇ ಅಕ್ಷರ ಇರುತ್ತದೆ. ದೆರೇಚೊಸ್ ರೆಸೆರ್ವಾದೊಸ್, ಅಂದರೆ ಹಕ್ಕುಗಳನ್ನು ಕಾಯ್ದಿರಿಸಿದೆ. ಕೇಳಲು ಗೌರವದ ಮಾತು. ಅವುಗಳಲ್ಲಿ ಎಷ್ಟೋ ಹಾಡು ಕ್ಯೂಬಾದ ರಚನೆಕಾರರವು. ಅಮೆರಿಕ ಕ್ಯೂಬಾದ ಮೇಲೆ ದಿಗ್ಬಂಧನ ಹೇರಿತ್ತು, ಆ ಕಡೆಗೆ ಹಣ ಹೋಗುವಂತಿರಲಿಲ್ಲ. ಹವಾನಾದಲ್ಲಿ ಕೂತವನ ಹಾಡು ಬ್ರಾಂಕ್ಸ್‌ನಲ್ಲಿ ಕುಣಿಯುತ್ತಿತ್ತು, ಅವನ ಹೆಸರು ಮಾತ್ರ ಎರಡಕ್ಷರ ಆಗಿಬಿಟ್ಟಿತ್ತು. ದಿಗ್ಬಂಧನ ನೆಪವೂ ಆಯಿತು ಅಂತ ನನ್ನ ಗುಮಾನಿ. ಯಾಕೆಂದರೆ ಕಂಪನಿಯದೇ ಕಲಾವಿದರೂ ರಾಯಲ್ಟಿ, ಅಂದರೆ ಹಾಡು ಮಾರಿದಷ್ಟೂ ಸಿಗಬೇಕಾದ ಪಾಲು, ಬರಲಿಲ್ಲ ಅಂತ ಜಗಳಕ್ಕೆ ನಿಂತರು. ಬ್ಲೇಡ್ಸ್ ಕೂಡ ಅವರಲ್ಲೊಬ್ಬರು. ಕಾಗದ ವಿಂಗಡಿಸಿದ ಕೈ ಅಲ್ವಾ, ಯಾವ ಕಾಗದಕ್ಕೆ ಏನು ಬೆಲೆ ಅಂತ ಗೊತ್ತಿತ್ತು.

ಕಾಗದ ನೆಟ್ಟಗಿದ್ದರೆ ಏನಾಗುತ್ತದೆ? ಟೀಟೊ ಪುವೆಂತೆ ಅವರನ್ನು ನೋಡಿ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1923ರಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದರು. ಮಾಜಿ ಸೈನಿಕರಿಗೆ ಸರ್ಕಾರ ಕೊಟ್ಟ ಹಣದಲ್ಲಿ ಜೂಲಿಯಾರ್ಡ್‌ನಲ್ಲಿ ಸಂಗೀತ ಓದಿದರು. 1960ರ ದಶಕದ ಆರಂಭದಲ್ಲಿ "ಓಯೆ ಕೋಮೊ ವಾ" ಬರೆದರು. 1970ರಲ್ಲಿ ಕಾರ್ಲೋಸ್ ಸಂತಾನಾ ಅದನ್ನು ರಾಕ್ ಗಿಟಾರಿಗೆ ಹಾಕಿ ಜಗತ್ತಿಗೆಲ್ಲ ಕೇಳಿಸಿದರು. ಆಮೇಲೆ ಪುವೆಂತೆ ಎಲ್ಲಿಗೆ ಹೋದರೂ "ಸಂತಾನಾ ಹಾಡು ನುಡಿಸಿ" ಅಂತ ಜನರ ಕೂಗು. ಮೊದಮೊದಲು ಸಿಟ್ಟು ಬಂತಂತೆ. ರಾಯಲ್ಟಿ ಚೆಕ್ಕು ಕೈಗೆ ಬಂದ ಮೇಲೆ ಸಿಟ್ಟು ಇಳಿಯಿತಂತೆ. ಈ ಕತೆಯನ್ನು ಅವರೇ ವೇದಿಕೆಯಲ್ಲಿ ನಗುನಗುತ್ತಾ ಹೇಳುತ್ತಿದ್ದರು.

ಇನ್ನೊಂದು ದಾರಿ ಪೋರ್ಟೊ ರಿಕೊದ ಎಲ್ ಗ್ರಾನ್ ಕೊಂಬೊ ತಂಡದ್ದು. 1962ರಲ್ಲಿ ಪಿಯಾನೊ ವಾದಕ ರಫಾಯೆಲ್ ಇತಿಯೆರ್ ಕಟ್ಟಿದ ತಂಡ. ಅಲ್ಲಿ ಸಹಕಾರ ಸಂಘದ ರೀತಿ, ಬಂದದ್ದನ್ನು ಹಂಚಿಕೊಳ್ಳುವುದು. ಶಿಸ್ತೂ ಹಾಗೇ. ಮುಂದೆ ನಿಂತ ಗಾಯಕರೆಲ್ಲ ಒಂದೇ ಥರದ ಉಡುಪು ತೊಟ್ಟು, ಒಂದೇ ಹೆಜ್ಜೆ ಹಾಕಬೇಕು. 1977ರಲ್ಲಿ ತಂಡದ ಮುಖ್ಯ ದನಿ ಆಂಡಿ ಮೊಂತಾನ್ಯೆಸ್ ವೆನಿಸುವೆಲಾದ ತಂಡವೊಂದಕ್ಕೆ ಹೋದರು. ಇನ್ನು ಮುಗಿಯಿತು ಅಂದುಕೊಂಡರು ಜನ. ಜೆರ್‍ರಿ ರಿವಾಸ್ ಬಂದರು, ದಶಕಗಳ ಕಾಲ ಅಲ್ಲೇ ಹಾಡಿದರು. ತಂಡಕ್ಕೆ ಸಾಲ್ಸಾದ ವಿಶ್ವವಿದ್ಯಾಲಯ ಅಂತ ಹೆಸರೇ ಬಿದ್ದಿದೆ. ನನ್ನನ್ನು ಕೇಳಿದರೆ ಇಡೀ ಸಾಲ್ಸಾದಲ್ಲಿ ಅತಿ ಜಾಣ ಲೆಕ್ಕಾಚಾರ ಇದೇ. ನಕ್ಷತ್ರಗಳು ಉದುರಿದರೂ ಆಕಾಶ ಉಳಿಯಿತು.

ಗಾಯಕಿ ಸೆಲಿಯಾ ಕ್ರೂಸ್ ಅವರನ್ನು ಬಿಟ್ಟು ಹೋದರೆ ನೀವು ಬೈಯುತ್ತೀರಿ. ಹವಾನಾದಲ್ಲಿ 1950ರಲ್ಲಿ ಸೊನೊರಾ ಮತಾನ್ಸೆರಾ ತಂಡ ಸೇರಿದರು. 1960ರಲ್ಲಿ ತಂಡದೊಂದಿಗೆ ಮೆಕ್ಸಿಕೊಗೆ ಹೋದವರು ಮತ್ತೆ ಮನೆಗೆ ಮರಳಲಿಲ್ಲ. 1962ರಲ್ಲಿ ಅಮ್ಮ ತೀರಿಕೊಂಡಾಗ ಕ್ಯೂಬಾ ಸರ್ಕಾರ ಒಳಗೆ ಬಿಡಲಿಲ್ಲ. 1960ರ ದಶಕ ಅವರಿಗೆ ಸಪ್ಪೆ. ಪಚೇಕೊ ಜೊತೆಗಿನ ರೆಕಾರ್ಡು ಅವರನ್ನು ಮತ್ತೆ ಮೇಲೆತ್ತಿದ್ದು 1974ರಲ್ಲಿ, ಐವತ್ತರ ಹೊಸ್ತಿಲಲ್ಲಿ. ಪಾಪ್ ಸಂಗೀತದಲ್ಲಿ ಆ ವಯಸ್ಸಿಗೆ ಹೆಂಗಸರನ್ನು ಮನೆಗೆ ಕಳಿಸಿಬಿಡುತ್ತಾರೆ. ಇವರು 75 ದಾಟುವವರೆಗೆ ಬಣ್ಣಬಣ್ಣದ ವಿಗ್ಗು ಹಾಕಿ "ಅಸೂಕಾರ್" ಅಂತ ಕೂಗಿದರು, ಅಂದರೆ "ಸಕ್ಕರೆ". ಗಂಡ ಪೆದ್ರೊ ನೈಟ್ ಅದೇ ಹಳೆಯ ತಂಡದ ಟ್ರಂಪೆಟ್ ವಾದಕ. ತಮ್ಮ ಟ್ರಂಪೆಟ್ ಕೆಳಗಿಟ್ಟು ಹೆಂಡತಿಯ ಕೆಲಸ ನೋಡಿಕೊಂಡರು. ಒಬ್ಬರ ದನಿ, ಒಬ್ಬರ ಕಾಗದಪತ್ರ. ಒಂದೇ ಮನೆಯಲ್ಲಿ ಎರಡೂ ಇತ್ತು.

ಬ್ಲೇಡ್ಸ್ ಎಲ್ಲಿಗೆ ಮುಟ್ಟಿದರು? 1978ರಲ್ಲಿ ಕೊಲೋನ್ ಜೊತೆ "ಸಿಯೆಂಬ್ರಾ" ಅನ್ನುವ ರೆಕಾರ್ಡು ತಂದರು. ಅದರಲ್ಲಿ ಪೆದ್ರೊ ನವಾಹಾ ಅನ್ನುವ ಪುಡಿರೌಡಿಯ ಹಾಡು ಏಳು ನಿಮಿಷಕ್ಕೂ ಉದ್ದ. ರೇಡಿಯೋದವರಿಗೆ ಮೂರು ನಿಮಿಷ ದಾಟಿದರೆ ಎದೆ ಹೊಡೆದುಕೊಳ್ಳುತ್ತದೆ, ನಮಗೂ ಅಷ್ಟೇ ಅನ್ನಿ. ಆದರೂ ಅದು ಲ್ಯಾಟಿನ್ ಅಮೆರಿಕವೆಲ್ಲ ಸುತ್ತಿತು. ಆಮೇಲೆ ಹಾರ್ವರ್ಡ್‌ನಲ್ಲಿ ಮತ್ತೆ ಕಾನೂನು ಓದಿದರು. 1994ರಲ್ಲಿ ಪನಾಮಾದ ಅಧ್ಯಕ್ಷ ಸ್ಥಾನಕ್ಕೆ ನಿಂತು ಮೂರನೆಯವರಾದರು. 2004ರಿಂದ ಐದು ವರ್ಷ ಪ್ರವಾಸೋದ್ಯಮ ಮಂತ್ರಿಯಾಗಿದ್ದರು.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಹೋಗುವ ಮೊದಲು ಇನ್ನೊಬ್ಬರ ಹೆಸರು ಹೇಳಬೇಕು. ಹೊಸೆ ಮಾಂಗ್ವಾಲ್ ಜೂನಿಯರ್. ಅಪ್ಪನೂ ಹೊಸೆ ಮಾಂಗ್ವಾಲ್, ಮಚೀತೊ ಅವರ ಹೆಸರಾಂತ ತಂಡದಲ್ಲಿ ಬೊಂಗೊ ನುಡಿಸಿದವರು. ಮಗ ಕೊಲೋನ್ ಮತ್ತು ಲಾವೋ ಅವರ ಹಿಂದೆ ಬೊಂಗೊ ಹಿಡಿದರು, ಪಲ್ಲವಿಗೂ ದನಿ ಸೇರಿಸಿದರು. ಇವರ ಹೆಸರು ರೆಕಾರ್ಡಿನ ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿರುತ್ತದೆ. ಅಕ್ಕನ ಮಗಳಿಗೆ ಇದನ್ನು ಹೇಳಿದೆ. ಮೊನ್ನೆ ಎಣಿಸುತ್ತಿದ್ದವಳು ನಡುವೆ ನಿಂತು, "ಮಾಮಾ, ಗಂಟೆ ಬಂತು" ಅಂದಳು.

ನಮಸ್ಕಾರ.