ಲಾವಂಚದ ಸಾಲು ದಾಟಿ ಬಂದ ನೀರು

ಆಲೂರಿನಲ್ಲಿ ರಾತ್ರಿಯಿಡೀ ಪುನರ್ವಸು ಮಳೆ ಹೊಡೆದಿದೆ. ಬೆಳಕು ಹರಿಯುತ್ತಲೇ ನಮ್ಮ ಇಳಿಜಾರಿನ ಹೊಲಕ್ಕೆ ಬಂದಿದ್ದೇನೆ. ಮೊದಲು ಮೇಲಿನಿಂದ ಬರುವ ನೀರನ್ನು ನೋಡಿ, ಕೆಮ್ಮಣ್ಣು ಕಲಸಿದ ರಾಡಿ. ಈಗ ಮೊಬೈಲನ್ನು ಲಾವಂಚ ಹುಲ್ಲಿನ ಸಾಲಿನ ಬುಡಕ್ಕೆ ಹಿಡಿಯುತ್ತೇನೆ. ರಾಡಿ ಇಲ್ಲಿ ಬಂದು ತಡವರಿಸುತ್ತದೆ, ದಟ್ಟ ಗರಿಗಳ ನಡುವೆ ಸಂದು ಹುಡುಕುತ್ತದೆ, ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸುತ್ತದೆ. ಆಚೆ ಬದಿಗೆ ಜಿನುಗುವ ನೀರು ಎಷ್ಟೋ ತಿಳಿ.

ನಾಲ್ಕು ವರ್ಷಗಳ ಹಿಂದೆ ಇಲ್ಲಿ ಮಣ್ಣಿನ ಬದುವಿತ್ತು. ಅದರ ಹಿಂದೆ ನೀರು ಕಟ್ಟಿಕೊಂಡು ಒಂದು ಕಡೆ ಒಡೆದರೆ ಸಾಕು, ಕೆಳಗೆ ಆಳುದ್ದದ ಕೊರಕಲು. ಶುಂಠಿ ಬೆಳೆಯುವವರಿಗೆ ಈ ಸಂಕಟ ಚೆನ್ನಾಗಿ ಗೊತ್ತು. ನೀರು ನಿಂತರೆ ಗಡ್ಡೆ ಕೊಳೆಯುತ್ತದೆಂದು ಮಡಿಗಳನ್ನು ಇಳಿಜಾರಿನತ್ತಲೇ ಎಳೆಯುತ್ತೇವೆ. ಗಡ್ಡೆ ಉಳಿಯುತ್ತದೆ, ಮೇಲ್ಮಣ್ಣು ಹೇಮಾವತಿಯ ಹಿನ್ನೀರು ಸೇರುತ್ತದೆ. ಲಾವಂಚ ನೀರನ್ನು ಕಟ್ಟಿ ನಿಲ್ಲಿಸುವುದಿಲ್ಲ, ಅದರ ಓಟ ತಗ್ಗಿಸಿ ಉದ್ದಕ್ಕೂ ಹರಡುತ್ತದೆ. ನನಗೆ ಬೇಕಿದ್ದದ್ದೂ ಅದೇ.

ಬೇರು ನೆಟ್ಟಗೆ ಕೆಳಗಿಳಿಯುತ್ತದೆ, ಮೂರು ಮೀಟರಿನವರೆಗೂ ಹೋಗಬಲ್ಲದು. ಪಕ್ಕದ ಬೆಳೆಯ ಪಾಲಿಗೆ ಅಷ್ಟಾಗಿ ಕೈಹಾಕುವುದಿಲ್ಲ. ಗುಂಡ್ಲುಪೇಟೆ ಕಡೆಯ ರೈತರು ತಲೆತಲಾಂತರದಿಂದ ಹೊಲದ ಗಡಿಗೆ ಇದನ್ನು ನೆಡುತ್ತಾ ಬಂದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಬೇರೆ ದೇಶಗಳಿಗೂ ಈ ಹುಲ್ಲನ್ನು ಶಿಫಾರಸು ಮಾಡಿದರು. ನಮ್ಮ ನೆಲದ ತಿಳಿವಳಿಕೆ ಅದು ಎಂದು ಹೇಳುವಾಗ ನನಗೆ ನಿಜವಾಗಿಯೂ ಹೆಮ್ಮೆಯಾಗುತ್ತದೆ.

ಮೊದಲ ವರ್ಷ ನಾನು ಒಂದು ತಪ್ಪು ಮಾಡಿದೆ. ತೆಂಡೆ, ಅಂದರೆ ಬುಡ ಒಡೆದು ತೆಗೆದ ಸಸಿ, ಉಳಿಸಲು ಅಡಿಗೊಂದರಂತೆ ನೆಟ್ಟೆ. ನೀರು ಆ ಸಂದುಗಳಲ್ಲೇ ನುಗ್ಗಿ ಬುಡಗಳನ್ನು ಕೊಚ್ಚಿತು. ಅರ್ಧ ಗೇಣಿಗೊಂದು ಬೇಕೇ ಬೇಕು. ಸಾಲು ಸಮಮಟ್ಟದಲ್ಲೂ ಇರಬೇಕು. ಇಂಗ್ಲಿಷಿನ A ಅಕ್ಷರದಂತೆ ಕಟ್ಟಿದ ಮೂರು ಬಿದಿರಿನ ಗಳ, ನಡುವೆ ಕಲ್ಲು ಕಟ್ಟಿದ ದಾರ, ಇಷ್ಟರಲ್ಲೇ ಮಟ್ಟ ಸಿಗುತ್ತದೆ. ಸಾಲು ಒತ್ತಾಗಿ ಕೂಡಿಕೊಳ್ಳಲು ಎರಡು ಮೂರು ಮಳೆಗಾಲ ಬೇಕಾಗುತ್ತದೆ, ಅಲ್ಲಿಯವರೆಗೆ ಸತ್ತ ಜಾಗಗಳನ್ನು ತುಂಬುತ್ತಿರಬೇಕು.

ಅಜ್ಜಿ ಬೇಸಿಗೆಯಲ್ಲಿ ಕುಡಿಯುವ ನೀರಿನ ಗಡಿಗೆಗೆ ಇದೇ ಬೇರನ್ನು ಹಾಕುತ್ತಿದ್ದರು. ಆ ಪರಿಮಳದ ಬೇರಿಗೆ ಮಾರುಕಟ್ಟೆಯಿದೆ. ಆದರೆ ದಯವಿಟ್ಟು ಮಣ್ಣು ಕಾಯಲು ನೆಟ್ಟ ಸಾಲನ್ನು ಬೇರಿಗಾಗಿ ಅಗೆಯಬೇಡಿ. ಗರಿಯನ್ನು ಮೊಣಕಾಲೆತ್ತರಕ್ಕೆ ಕೊಯ್ದು ಶುಂಠಿ ಮಡಿಗೆ ಹೊದಿಸಿ, ಅಷ್ಟು ಲಾಭ ಸಾಕು.

ಇಲ್ಲಿ ಕಡ್ಡಿ ಚುಚ್ಚುತ್ತಿದ್ದೇನೆ, ನೋಡಿ. ಸಾಲಿನ ಹಿಂದೆ ಗೇಣುದ್ದ ಹೊಸ ಮಣ್ಣು ಕೂತಿದೆ. ಬೆರಳಿಗೆ ಬೆಣ್ಣೆಯಂತೆ ಹತ್ತುತ್ತದೆ.

ಕೆಳಗಿನ ಹೊಲದ ಚಿಕ್ಕಪ್ಪ, "ನನಗೂ ಒಂದು ನೂರು ತೆಂಡೆ ಕೊಡಪ್ಪಾ" ಎಂದಿದ್ದಾರೆ. ಅವರ ಅಂಚು 50 ಮೀಟರ್ ಉದ್ದವಿದೆ, ನೂರು ಎಲ್ಲಿಗೂ ಸಾಲದು, 400ಕ್ಕೂ ಹೆಚ್ಚು ಬೇಕು. ಮಧ್ಯಾಹ್ನ ಮಳೆ ಬಿಟ್ಟರೆ ಬಾವಿಯ ಪಕ್ಕ ಬೆಳೆಸಿಟ್ಟ ಬುಡಗಳನ್ನು ಒಡೆಯಲು ಕೂರುತ್ತೇವೆ.