ಅತಿಥಿಗಳು ಬಂದುಹೋಗುವ ಮನೆಗೆ ರಗ್ಗು ಆರಿಸುವುದು

ನಮಸ್ಕಾರ. ಈಗ ತೆರೆಯ ಮೇಲೆ ಕಾಣುತ್ತಿರುವುದು ನಾವು ವಾಸಿಸುವ ಮನೆಯಲ್ಲ; ರಜೆಗೆಂದು ಬರುವವರಿಗೆ ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ಕೊಡಲು ಸಜ್ಜುಗೊಳಿಸುತ್ತಿರುವ ಮನೆ. ಗೋಡೆಗಳಿಗೆ ಬಣ್ಣ ಬಳಿದಾಗಿದೆ, ಮಂಚ ಸೋಫಾಗಳು ಬಂದಿವೆ, ನೆಲವೊಂದು ಬರಿದಾಗಿ ಉಳಿದಿದೆ. ಈ ವ್ಲಾಗ್ ಪೂರ್ತಿ ಆ ನೆಲದ ಮೇಲೆ ಏನನ್ನು ಹಾಸಬೇಕು, ಏನನ್ನು ಹಾಸಬಾರದು ಎಂಬುದರ ಕುರಿತಾಗಿದೆ.

ರಗ್ಗು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಬಣ್ಣದಿಂದ ಆರಂಭಿಸುತ್ತಾರೆ. ಬಾಡಿಗೆ ಮನೆಯ ವಿಷಯದಲ್ಲಿ ನಾನು ಗಡಿಯಾರದಿಂದ ಆರಂಭಿಸುತ್ತೇನೆ. ಬೆಳಿಗ್ಗೆ 11 ಗಂಟೆಗೆ ಒಂದು ಕುಟುಂಬ ಹೊರಟು ಮಧ್ಯಾಹ್ನ 3 ಅಥವಾ 4 ಗಂಟೆಗೆ ಇನ್ನೊಂದು ಕುಟುಂಬ ಬರುವ ವ್ಯವಸ್ಥೆಯಿದ್ದರೆ, ನಡುವೆ ಸಿಗುವುದು ನಾಲ್ಕೈದು ಗಂಟೆ ಮಾತ್ರ. ಅಷ್ಟರೊಳಗೆ ಹಾಸಿಗೆಯ ಬಟ್ಟೆ ಬದಲಾಗಬೇಕು, ಬಚ್ಚಲುಮನೆ ತೊಳೆಯಬೇಕು, ಅಡುಗೆಮನೆ ಒರೆಸಬೇಕು. ರಗ್ಗಿನ ಪಾಲಿಗೆ ಉಳಿಯುವುದು ಕೆಲವೇ ನಿಮಿಷಗಳು. ಹಿಂದಿನ ರಾತ್ರಿ ಚೆಲ್ಲಿದ ಕಾಫಿಯ ಕಲೆಯನ್ನು ಆ ನಿಮಿಷಗಳಲ್ಲಿ ತೆಗೆಯಲು ಸಾಧ್ಯವೇ, ತೆಗೆದ ಮೇಲೆ ಆ ಜಾಗ ಮುಂದಿನ ಅತಿಥಿ ಬರುವುದರೊಳಗೆ ಒಣಗುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ಹೌದು ಎನ್ನಿಸದ ರಗ್ಗು ಎಷ್ಟೇ ಚೆಂದವಿರಲಿ, ಈ ಮನೆಗೆ ಸಲ್ಲದು. ಸ್ಪಷ್ಟವಾಗಿ ಹೇಳುವುದಾದರೆ, ಇಲ್ಲಿ ರಗ್ಗು ಆರಿಸುವುದು ಅತಿಥಿಯ ಕಣ್ಣಿಗಾಗಿ ಎನ್ನುವುದಕ್ಕಿಂತ ಶುಚಿ ಮಾಡಲು ಬರುವವರ ಕೈಗಾಗಿ.

ಈ ದೃಷ್ಟಿಯಿಂದ ನೋಡಿದಾಗ ನಾರಿನ ಆಯ್ಕೆಯೇ ಅತ್ಯಂತ ಮುಖ್ಯವಾಗುತ್ತದೆ. ಮೊದಲು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ನಾರನ್ನು ನೋಡೋಣ. ಈ ನಾರು ನೀರನ್ನು ಹೀರುವುದೇ ಇಲ್ಲ ಎನ್ನಬಹುದು; ಆದ್ದರಿಂದ ಕಾಫಿ, ಹಣ್ಣಿನ ರಸ, ವೈನ್‌ನಂಥ ನೀರಿನಂಶದ ಕಲೆಗಳು ನಾರಿನೊಳಕ್ಕೆ ಇಳಿಯದೆ ಮೇಲೆಯೇ ಉಳಿಯುತ್ತವೆ. ನಾರನ್ನು ಎಳೆಯುವ ಮೊದಲೇ ಕರಗಿದ ಪ್ಲಾಸ್ಟಿಕ್‌ಗೆ ಬಣ್ಣ ಬೆರೆಸುವುದರಿಂದ ಅದು ಎಳೆಯ ಉದ್ದಗಲಕ್ಕೂ ಹರಡಿರುತ್ತದೆ, ದೊಡ್ಡ ಕಿಟಕಿಯ ಬಿಸಿಲಿಗೂ ಬೇಗ ಮಾಸುವುದಿಲ್ಲ. ಆದರೆ ಇದಕ್ಕೂ ದೌರ್ಬಲ್ಯಗಳಿವೆ. ಎಣ್ಣೆಯ ಜಿಡ್ಡನ್ನು ಇದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸೋಫಾದ ಕಾಲಿನ ಕೆಳಗೆ ಒಮ್ಮೆ ಚಪ್ಪಟೆಯಾದ ಜೂಲು, ಅಂದರೆ ರಗ್ಗಿನ ಮೇಲೆ ನಿಂತಿರುವ ಎಳೆಗಳ ಪದರ, ಮತ್ತೆ ಏಳಲು ಹಟ ಮಾಡುತ್ತದೆ. ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗತೊಡಗುವುದರಿಂದ ಇಸ್ತ್ರಿಪೆಟ್ಟಿಗೆಯನ್ನು ನೆಲದ ಮೇಲಿಡುವ ಅತಿಥಿಯೊಬ್ಬರು ಸಾಕು, ರಗ್ಗಿನ ಕಥೆ ಮುಗಿಯಲು. ಅಗ್ಗಿಷ್ಟಿಕೆ ಇರುವ ಕೋಣೆಗೆ ಇದನ್ನು ತರಲೇಬಾರದು.

ಅಂಥ ಕೋಣೆಗೆ ಉಣ್ಣೆಯೇ ಸರಿ. ಉಣ್ಣೆಗೆ ಸುಲಭವಾಗಿ ಬೆಂಕಿ ಹತ್ತುವುದಿಲ್ಲ, ಹತ್ತಿದರೂ ಅದು ಪ್ಲಾಸ್ಟಿಕ್‌ನಂತೆ ಕರಗಿ ಹರಿಯದೆ ಕರಕಾಗಿ ನಿಲ್ಲುತ್ತದೆ. ಅದರ ಎಳೆಗಳು ಸಹಜವಾಗಿ ಗುಂಗುರಾಗಿರುವುದರಿಂದ ತುಳಿದಷ್ಟೂ ಪುಟಿದೇಳುತ್ತವೆ. ಹೊರಪದರದ ಸೂಕ್ಷ್ಮ ಪೊರೆಗಳು ಚೆಲ್ಲಿದ ನೀರನ್ನು ಸ್ವಲ್ಪ ಹೊತ್ತು ಮೇಲೆಯೇ ತಡೆಯುತ್ತವೆ, ಅಷ್ಟರಲ್ಲಿ ಒಣಬಟ್ಟೆಯಿಂದ ಒತ್ತಿ ತೆಗೆದರೆ ಕಲೆ ಉಳಿಯುವುದಿಲ್ಲ. ಆದರೆ ಬಾಡಿಗೆ ಮನೆಯಲ್ಲಿ ಆ ಸ್ವಲ್ಪ ಹೊತ್ತಿನಲ್ಲಿ ಬಟ್ಟೆ ಹಿಡಿದು ಬಗ್ಗುವವರು ಯಾರು? ಒಮ್ಮೆ ನೆನೆದ ಉಣ್ಣೆ ಒಣಗಲು ತೆಗೆದುಕೊಳ್ಳುವ ಸಮಯ ನಮ್ಮ ನಾಲ್ಕೈದು ಗಂಟೆಗಳಲ್ಲಿ ಹಿಡಿಸುವುದಿಲ್ಲ. ಇನ್ನೊಂದು ಅಪಾಯವೂ ಇದೆ: ಬಚ್ಚಲುಮನೆಗೆ ಬಳಸುವ ಕ್ಲೋರಿನ್ ಬ್ಲೀಚ್ ಉಣ್ಣೆಯ ಪ್ರೋಟೀನನ್ನೇ ಕರಗಿಸಿಬಿಡುತ್ತದೆ. ಅವಸರದಲ್ಲಿ ಕೈಗೆ ಸಿಕ್ಕ ಬಾಟಲಿಯನ್ನು ಸಿಂಪಡಿಸುವ ಸಾಧ್ಯತೆಯಿರುವ ಮನೆಯಲ್ಲಿ ಇದನ್ನು ಮರೆಯುವಂತಿಲ್ಲ. ಆದ್ದರಿಂದ ಉಣ್ಣೆಯನ್ನು ನಾನು ಒಂದೇ ಕೋಣೆಗೆ, ಊಟ ತಿಂಡಿಯ ತಟ್ಟೆಗಳು ಬರುವ ಸಂಭವ ಕಡಿಮೆಯಿರುವ ಜಾಗಕ್ಕೆ ಮೀಸಲಿಡುತ್ತೇನೆ.

ಈಗ ನೀವು ನೋಡುತ್ತಿರುವ ಈ ರೇಷ್ಮೆಯಂತೆ ಮಿನುಗುವ ರಗ್ಗನ್ನು ಗಮನಿಸಿ. ಇದು ರೇಷ್ಮೆಯಲ್ಲ, ಮರದ ತಿರುಳಿನಂಥ ಸಸ್ಯಮೂಲದಿಂದ ತಯಾರಿಸುವ ವಿಸ್ಕೋಸ್ ಎಂಬ ನಾರು. ಬಿದಿರಿನ ರೇಷ್ಮೆ, ಕೃತಕ ರೇಷ್ಮೆ ಎಂಬ ಹೆಸರುಗಳಲ್ಲಿಯೂ ಇದೇ ಮಾರಾಟವಾಗುತ್ತದೆ. ಒದ್ದೆಯಾದಾಗ ಇದರ ನಾರು ಬಲ ಕಳೆದುಕೊಳ್ಳುತ್ತದೆ, ಬರಿಯ ನೀರು ಚೆಲ್ಲಿದರೂ ಒಣಗಿದ ಮೇಲೆ ಹಳದಿ ಗುರುತು ಉಳಿಯಬಹುದು. ಅತಿಥಿಗಳ ಮನೆಗೆ ಇದಕ್ಕಿಂತ ಅಯೋಗ್ಯವಾದ ವಸ್ತು ನನಗೆ ಗೊತ್ತಿಲ್ಲ. ಸೆಣಬಿನ ರಗ್ಗು ಛಾಯಾಚಿತ್ರದಲ್ಲಿ ಬಹಳ ಸೊಗಸಾಗಿ ಬರುವುದರಿಂದ ಬಾಡಿಗೆ ಮನೆಗಳ ಜಾಹೀರಾತುಗಳಲ್ಲಿ ಅದು ಮತ್ತೆ ಮತ್ತೆ ಕಾಣಿಸುತ್ತದೆ, ಆದರೆ ಅದಕ್ಕೂ ನೀರೇ ಶತ್ರು: ನೆನೆದ ಜಾಗ ಕಂದುಬಣ್ಣಕ್ಕೆ ತಿರುಗುತ್ತದೆ, ತೇವದ ಹವೆಯಲ್ಲಿ ಬೂಷ್ಟು ಹಿಡಿಯುತ್ತದೆ. ಹತ್ತಿಯ ಜಮಖಾನದ ಗುಣವೇ ಬೇರೆ. ಅದಕ್ಕೆ ಜೂಲಿಲ್ಲ, ಕೊಡವಬಹುದು, ಮಡಚಬಹುದು, ಚಿಕ್ಕದಾಗಿದ್ದರೆ ತೊಳೆಯುವ ಯಂತ್ರಕ್ಕೂ ಹಾಕಬಹುದು. ಮೊದಲ ತೊಳೆತಕ್ಕೆ ತುಸು ಕುಗ್ಗುತ್ತದೆ ಎಂಬುದನ್ನು ಅಳತೆ ಹಾಕುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ತೊಳೆಯಬಹುದಾದ ರಗ್ಗು ಎಂದು ಮಾರುವವುಗಳ ಬಗ್ಗೆ ಒಂದು ಎಚ್ಚರಿಕೆ. ಮೇಲಿನ ತೆಳುವಾದ ಹೊದಿಕೆ ಬೇರೆ, ಕೆಳಗಿನ ಮೆತ್ತೆ ಬೇರೆ ಇರುವ ಮಾದರಿ ನಿಜಕ್ಕೂ ಉಪಯುಕ್ತ. ಆದರೆ 8 ಅಡಿಗೆ 10 ಅಡಿಯ ಹೊದಿಕೆಯನ್ನು ತೊಳೆಯುವ ಮೊದಲು ಮನೆಯಲ್ಲಿರುವ ಯಂತ್ರಕ್ಕೆ ಅದು ಹಿಡಿಸುತ್ತದೆಯೇ, ನೀರು ಕುಡಿದ ಆ ಭಾರವನ್ನು ಯಂತ್ರ ತಿರುಗಿಸಬಲ್ಲದೇ, ಹರವಿ ಒಣಗಿಸಲು ಜಾಗವೆಲ್ಲಿ ಎಂದು ನೋಡಿಕೊಳ್ಳಬೇಕು. ದೊಡ್ಡ ರಗ್ಗನ್ನು ಪ್ರತಿ ಬಾರಿಯೂ ಹೊರಗೆ ತೊಳೆಸುವುದಾದರೆ ಮೂಗಿಗಿಂತ ಮೂಗುತಿಯೇ ಭಾರವಾಗುತ್ತದೆ.

ಅಂಗಡಿಯಲ್ಲಿ ನಿಂತಾಗ ರಗ್ಗನ್ನು ಒಮ್ಮೆ ತಿರುವಿ ಹಾಕಿ ನೋಡಿ. ಮುಂಭಾಗದ ವಿನ್ಯಾಸವೇ ಹಿಂಭಾಗದಲ್ಲಿಯೂ ಸ್ಪಷ್ಟವಾಗಿ ಕಂಡರೆ ಅದು ನೇಯ್ದದ್ದು ಅಥವಾ ಗಂಟು ಹಾಕಿದ್ದು. ಬದಲಿಗೆ ಬಟ್ಟೆಯೊಂದನ್ನು ಅಂಟಿಸಿ ಬೆನ್ನನ್ನು ಮುಚ್ಚಿದ್ದರೆ ಅದು ಹೆಚ್ಚಾಗಿ ಟಫ್ಟೆಡ್ ರಗ್ಗು, ಅಂದರೆ ಎಳೆಗಳನ್ನು ನೇಯದೆ ಬಟ್ಟೆಯೊಂದಕ್ಕೆ ಚುಚ್ಚಿ ಕೂರಿಸಿದ್ದು. ಅದರಲ್ಲಿ ಎಳೆಗಳನ್ನು ಹಿಡಿದಿಟ್ಟಿರುವುದು ಲೇಟೆಕ್ಸ್ ಅಂಟು. ವರ್ಷಗಳು ಕಳೆದಂತೆ ಆ ಅಂಟು ಒಣಗಿ ಪುಡಿಯಾಗಿ ನೆಲದ ಮೇಲೆ ಉದುರುತ್ತದೆ, ಪದೇ ಪದೇ ನೆನೆದರೆ ಇನ್ನೂ ಬೇಗ. ಮೇಲ್ಮೈಯನ್ನೂ ಬೆರಳಿನಿಂದ ಸವರಿ ನೋಡಬೇಕು. ಕುಣಿಕೆಗಳಾಗಿ ನಿಂತ ಎಳೆಗಳು ಸಾಕುನಾಯಿಯ ಉಗುರಿಗೆ, ಸೂಟ್‌ಕೇಸಿನ ಚಕ್ರಕ್ಕೆ ಸಿಕ್ಕಿ ಸಾಲಾಗಿ ಕಿತ್ತುಬರುತ್ತವೆ. ಕತ್ತರಿಸಿದ ಗಿಡ್ಡ ಜೂಲು, ಅಂದರೆ ಒಂದು ಸೆಂಟಿಮೀಟರಿಗಿಂತ ಕಡಿಮೆ ಎತ್ತರದ್ದು, ಅಥವಾ ಜೂಲೇ ಇಲ್ಲದ ನೇಯ್ಗೆ ಇಲ್ಲಿ ವಾಸಿ. ಉದ್ದ ಜೂಲಿನ ಮೃದುವಾದ ರಗ್ಗಿನೊಳಗೆ ಮರಳು, ಬಿಸ್ಕತ್ತಿನ ಪುಡಿ, ಕಿವಿಯೋಲೆಯ ತಿರುಪು ಎಲ್ಲವೂ ಸೇರಿಕೊಳ್ಳುತ್ತವೆ, ಹೊರಬರುವುದು ಮಾತ್ರ ಕಷ್ಟ. ಅಂಚಿನ ಕುಚ್ಚುಗಳೂ ನನಗೆ ಬೇಡ; ವ್ಯಾಕ್ಯೂಮ್ ಕ್ಲೀನರ್ ಅವುಗಳನ್ನು ನುಂಗುತ್ತದೆ.

ಬಣ್ಣದ ವಿಷಯದಲ್ಲಿ ಅಚ್ಚ ಬಿಳಿ ಹೇಗೆ ಕೊಳೆಯನ್ನು ಸಾರಿ ಹೇಳುತ್ತದೆಯೋ ಹಾಗೆಯೇ ಅಚ್ಚ ಕಪ್ಪು ಧೂಳನ್ನು, ಕೂದಲನ್ನು ಸಾರಿ ಹೇಳುತ್ತದೆ. ಮೂರ್ನಾಲ್ಕು ಮಧ್ಯಮ ಛಾಯೆಗಳು ಬೆರೆತ ವಿನ್ಯಾಸ ಅನುಕೂಲ. ಆದರೆ ಏನು ಚೆಲ್ಲಿದರೂ ಕಾಣದಷ್ಟು ದಟ್ಟವಾದ ವಿನ್ಯಾಸವನ್ನೂ ನಾನು ಒಪ್ಪುವುದಿಲ್ಲ, ಏಕೆಂದರೆ ಶುಚಿ ಮಾಡುವವರ ಕಣ್ಣಿಗೆ ಬೀಳದ ಕಲೆ ಅಲ್ಲಿಯೇ ಹುಳಿತು, ಕೊನೆಗೆ ವಾಸನೆಯ ಮೂಲಕ ಅತಿಥಿಗೆ ತನ್ನ ಇರುವಿಕೆಯನ್ನು ತಿಳಿಸುತ್ತದೆ.

ಅಳತೆಗೆ ಬರೋಣ. ಬೈಠಕ್ಕಿನ ಕೋಣೆಯಲ್ಲಿ ಸೋಫಾದ ಮುಂಗಾಲುಗಳಾದರೂ ರಗ್ಗಿನ ಮೇಲೆ ನಿಲ್ಲಬೇಕು. ಇದು ನೋಟಕ್ಕಷ್ಟೇ ಅಲ್ಲ. ಪೀಠೋಪಕರಣದ ಭಾರ ಬಿದ್ದ ರಗ್ಗು ಜರುಗುವುದಿಲ್ಲ, ಅದರ ಅಂಚು ಓಡಾಟದ ದಾರಿಯ ನಡುವೆ ಬರುವುದಿಲ್ಲ. ಕತ್ತಲಲ್ಲಿ ಪರಿಚಯವಿಲ್ಲದ ಮನೆಯಲ್ಲಿ ನಡೆಯುವವರಿಗೆ ಎದ್ದುನಿಂತ ಅಂಚಿಗಿಂತ ಕೆಟ್ಟದ್ದಿಲ್ಲ. ಊಟದ ಮೇಜಿನ ಕೆಳಗೆ ಹಾಸುವುದಾದರೆ, ಕುರ್ಚಿಯನ್ನು ಹಿಂದಕ್ಕೆ ಎಳೆದಾಗಲೂ ಅದರ ಹಿಂಗಾಲು ರಗ್ಗಿನ ಮೇಲೆಯೇ ಉಳಿಯುವಂತೆ ಮೇಜಿನ ಸುತ್ತ ಸುಮಾರು 60 ಸೆಂಟಿಮೀಟರ್ ಹೆಚ್ಚಿಗೆ ಇರಬೇಕೆಂದು ಹೇಳುತ್ತಾರೆ. ನಾನಂತೂ ಅಲ್ಲಿ ಏನನ್ನೂ ಹಾಸುವುದಿಲ್ಲ. ಮಲಗುವ ಕೋಣೆಯಲ್ಲಿ ಮಂಚದ ಕೆಳಗೆ ಒಂದೇ ದೊಡ್ಡ ರಗ್ಗಿನ ಬದಲು ಎರಡೂ ಪಕ್ಕಗಳಲ್ಲಿ ಒಂದೊಂದು ಉದ್ದನೆಯ ಚಿಕ್ಕ ರಗ್ಗು ಸಾಕು. ಮಂಚವನ್ನು ಎತ್ತದೆಯೇ ತೆಗೆಯಬಹುದು. ಅವುಗಳ ಜೊತೆಗೆ ಅದೇ ವಿನ್ಯಾಸದ ಇನ್ನೊಂದನ್ನು ಅದೇ ದಿನ ಕೊಂಡು ಕಪಾಟಿನಲ್ಲಿಡಿ. ಮುಂದೆ ಹುಡುಕಹೊರಟಾಗ ಬಣ್ಣ ಹಾಕಿದ ಸರದಿ ಬೇರೆಯಾಗಿ ಛಾಯೆ ಬದಲಾಗಿ ಜೋಡಿ ಹೊಂದದೆ ಹೋಗಬಹುದು; ಜಾಹೀರಾತಿನ ಚಿತ್ರದಲ್ಲಿ ಒಂದು ಬಗೆ, ಕೋಣೆಯಲ್ಲಿ ಇನ್ನೊಂದು ಬಗೆ ಎಂಬ ಆಕ್ಷೇಪಕ್ಕೂ ಅದು ದಾರಿ. ಮಕ್ಕಳ ಕೋಣೆಗೆ 50 ಸೆಂಟಿಮೀಟರ್ ಚೌಕದ ಕಾರ್ಪೆಟ್ ಟೈಲುಗಳನ್ನು ಯೋಚಿಸಬಹುದು; ಕೆಟ್ಟದ್ದನ್ನಷ್ಟೇ ಕಿತ್ತು ಬದಲಾಯಿಸಿದರಾಯಿತು.

ರಗ್ಗಿನ ಕೆಳಗಿನ ಜಾರುತಡೆ ಮೆತ್ತೆಯನ್ನು ಹಲವರು ಉಳಿತಾಯದ ಬಾಬತ್ತೆಂದು ತಿಳಿಯುತ್ತಾರೆ. ಅದು ರಗ್ಗಿನಷ್ಟೇ ಅಗತ್ಯ. ನಾಲ್ಕೂ ಬದಿಗೆ ಎರಡು ಮೂರು ಸೆಂಟಿಮೀಟರ್ ಒಳಗೇ ಉಳಿಯುವಂತೆ ಅದನ್ನು ಕತ್ತರಿಸಬೇಕು. ಇಲ್ಲಿ ನೆಲದ ಬಗೆಯನ್ನೂ ನೋಡಬೇಕಾಗುತ್ತದೆ: ವಿನೈಲ್ ನೆಲದ ಮೇಲೆ ರಬ್ಬರ್ ಮೆತ್ತೆಯನ್ನು ಬಹಳ ಕಾಲ ಬಿಟ್ಟರೆ ಎರಡರ ರಾಸಾಯನಿಕಗಳು ವರ್ತಿಸಿ ಅಳಿಸಲಾಗದ ಹಳದಿ ಗುರುತು ಬೀಳುತ್ತದೆ. ಹಾಸಿದ ಮೇಲೆ ಬಾಗಿಲು ತೆರೆದು ಮುಚ್ಚಿ ನೋಡಿ. ಮೆತ್ತೆ, ರಗ್ಗು ಎರಡೂ ಸೇರಿದ ದಪ್ಪ ಬಾಗಿಲಿಗೆ ತಡೆಯಾಗುವುದು ಸಾಮಾನ್ಯ.

ಹೊಸ್ತಿಲಿನ ಬಳಿ ಮಾತ್ರ ಧಾರಾಳವಾಗಿರಿ. ಹೊರಗೆ ಪಾದರಕ್ಷೆಯ ಕೆಸರನ್ನು ಕೆರೆಯುವ ಒರಟು ಮ್ಯಾಟು, ಒಳಗೆ ತೇವ ಹೀರುವ ಇನ್ನೊಂದು, ಅದೂ ಎರಡು ಮೂರು ಹೆಜ್ಜೆಯಷ್ಟು ಉದ್ದದ್ದು. ಕಡಲತೀರದ ಮನೆಯಾದರೆ ಇದರ ಬೆಲೆ ಬೇಗ ತಿಳಿಯುತ್ತದೆ, ಏಕೆಂದರೆ ಮರಳಿನ ಚೂಪಾದ ಕಣಗಳು ತುಳಿತಕ್ಕೆ ಸಿಕ್ಕಾಗ ನಾರನ್ನೂ ಮರದ ನೆಲದ ಮೆರುಗನ್ನೂ ಒಟ್ಟಿಗೇ ಸವೆಸುತ್ತವೆ.

ಅತಿಥಿಗಳಿಲ್ಲದ ತಿಂಗಳುಗಳಲ್ಲಿ ಉಣ್ಣೆಯ ರಗ್ಗನ್ನು ಹಾಸಿದಂತೆಯೇ ಬಿಟ್ಟು ಬೀಗ ಹಾಕಬೇಡಿ. ಕತ್ತಲೆ, ಧೂಳು, ಅಲುಗಾಡದ ಸೋಫಾದ ಅಡಿ, ಇವೆಲ್ಲ ಬಟ್ಟೆಹುಳುವಿಗೆ ಹೇಳಿ ಮಾಡಿಸಿದ ಜಾಗಗಳು. ರಗ್ಗನ್ನು ಎರಡೂ ಬದಿಗೆ ವ್ಯಾಕ್ಯೂಮ್ ಮಾಡಿ, ಪೂರ್ತಿ ಒಣಗಿರುವುದನ್ನು ಖಚಿತಪಡಿಸಿಕೊಂಡು, ಮಡಚದೆ ಸುರುಳಿ ಸುತ್ತಿ, ಗಾಳಿಯಾಡುವ ಬಟ್ಟೆಯಲ್ಲಿ ಕಟ್ಟಿ, ನೆಲದಿಂದ ತುಸು ಎತ್ತರದಲ್ಲಿ ಇಡಿ. ಯಾವ ಕೋಣೆಯದು, ಯಾವ ನಾರು, ಬ್ಲೀಚ್ ತಾಗಿಸಬಾರದು ಎಂದು ಬರೆದ ಚೀಟಿಯನ್ನು ಸುರುಳಿಗೇ ಕಟ್ಟಿರಲಿ. ಮುಂದಿನ ಬಾರಿ ಅದನ್ನು ಬಿಚ್ಚಿ ಹಾಸುವವರು ನಾವೇ ಆಗಿರಬೇಕೆಂದಿಲ್ಲ. ಮುಂದಿನ ವ್ಲಾಗ್‌ನಲ್ಲಿ ಇದೇ ಮನೆಯ ಕಿಟಕಿಗಳ ಪರದೆಗಳನ್ನು ನೋಡೋಣ.